ಎದುರಿನವರ ಮಾತು

ವಾದದಲ್ಲಿ ಗೆದ್ದು ಗೆದ್ದು ಸುಚೇತಾ ತಮ್ಮನನ್ನೇ ಕಳೆದುಕೊಳ್ಳುವ ಹಾದಿಯಲ್ಲಿದ್ದಳು. ಧಾರವಾಡದಲ್ಲಿ ಅವ್ವ ತೀರಿಹೋಗಿ ಭಾನುವಾರಕ್ಕೆ ವರ್ಷ. ಬರ್ಮಿಂಗ್‌ಹ್ಯಾಮಿನ ಕನ್ನಡ ಕ್ರೈಸ್ತ ಮನೆಗಳವರು ಸ್ಮರಣೆಯ ಪ್ರಾರ್ಥನೆ ಇಟ್ಟುಕೊಂಡಿದ್ದರು. ಪಕ್ಕದ ಸೊಲಿಹಲ್‌ನಲ್ಲಿದ್ದ ತಮ್ಮ ಸುಮಂತ್ ಮಾತ್ರ ಬರುವುದಿಲ್ಲ ಎಂದುಬಿಟ್ಟಿದ್ದ. ಆಸ್ಪತ್ರೆಯಲ್ಲಿ ತೀರಿದ ಅವ್ವನನ್ನು ಮಣ್ಣಿಗೊಪ್ಪಿಸಿ ಬಂದಮೇಲೆ ಅವನು ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ದೇವರಿಲ್ಲವೆಂಬ ಹಟ ಇವನಿಗೆ ಅಂಟಿತೆಂದು ಅಕ್ಕ ಫೋನಿನಲ್ಲೇ ಎಷ್ಟೋ ಸಲ ಖಂಡಿಸಿದ್ದಳು.

ಅವಳಿಗೆ ವಾದ ಹೊಸದಲ್ಲ. ಕ್ರೈಸ್ತ ಸಭೆಯ ಮೊದಲ ಶತಮಾನಗಳಲ್ಲಿ, ದೇವಕುಮಾರನು ತಂದೆಯಾದ ದೇವರಿಗೆ ಸಮನೋ ಕಿರಿಯನೋ ಎಂದು ಎದ್ದ ಜಗಳಗಳಲ್ಲಿ ಗ್ರೀಕರ ತರ್ಕ ಹೇಗೆ ಬಳಕೆಯಾಯಿತು ಎಂಬುದೇ ನಾಟಿಂಗ್‌ಹ್ಯಾಮಿನ ವಿಶ್ವವಿದ್ಯಾಲಯದಲ್ಲಿ ಅವಳ ಸಂಶೋಧನೆ. ಆ ವಾರ ಗೈಡ್ ಅವಳ ಅಧ್ಯಾಯವನ್ನು ಹಿಂದಿರುಗಿಸಿ ಮೆಲ್ಲಗೆ ಹೇಳಿದ್ದರು: ಅಂದು ವಾದಿಸಿದ ಸಭೆಯ ಹಿರಿಯರಲ್ಲಿ ಒಳ್ಳೆಯವರು ಎದುರಿನವನ ಮಾತನ್ನು ಮೊದಲು ಅವನದೇ ನುಡಿಯಲ್ಲಿ ಪೂರ್ತಿ ಬರೆದು, ಆಮೇಲೆ ಉತ್ತರಕ್ಕೆ ಕೈಹಾಕುತ್ತಿದ್ದರು, ನೀನೋ, ಅವನು ಬಾಯಿ ತೆರೆಯುವ ಮೊದಲೇ ಗೆದ್ದುಬಿಟ್ಟಿದ್ದೀಯ.

ಆ ಮಾತು ಅಂಗಾಲಿನ ಮುಳ್ಳಿನಂತೆ ಉಳಿಯಿತು. ಶನಿವಾರ ಮಧ್ಯಾಹ್ನ ರೈಲು ಹಿಡಿದು ಸೊಲಿಹಲ್‌ಗೆ ಹೋದಳು. ತಮ್ಮ ಬಾಗಿಲು ತೆಗೆದು ಚಹಾಕ್ಕಿಟ್ಟ.

"ಇವತ್ತ ನಾ ಉತ್ತರಾ ಕೊಡಾಂಗಿಲ್ಲ," ಎಂದಳು. "ನಿನ್ನ ಮಾತ ನಾನ ಹೇಳ್ತೀನಿ. ಸರಿ ಐತೋ ಇಲ್ಲೋ, ಅಷ್ಟ ಹೇಳು."

"ಪರೀಕ್ಷಾ ನನಗೋ, ನಿನಗೋ?"

"ನನಗ."

ಅವಳು ಶುರುಮಾಡಿದಳು: ದೇವರು ಒಳ್ಳೆಯವನು, ಶಕ್ತನು ಎನ್ನುತ್ತಾರೆ. ಆದರೂ ಅವ್ವ ಅಷ್ಟು ನರಳಿದಳು. ಪ್ರಾರ್ಥನೆಗೆ ಯಾರೂ ಕಿವಿಗೊಡಲಿಲ್ಲ. ಆದ್ದರಿಂದ ಕೇಳುವವನೇ ಇಲ್ಲ. ಒಂದು ಕಲ್ಲೂ ಅಲುಗದಂತೆ ಅವಳು ಅವನ ವಾದವನ್ನು ಕಟ್ಟಿ ನಿಲ್ಲಿಸಿದಳು.

ಸುಮಂತ್ ಅಲ್ಲವೆಂದು ತಲೆಯಾಡಿಸಿದ. "ಅದು ನನ್ನ ಮಾತಲ್ಲ ಅಕ್ಕಾ. ನೀನ ನನ್ನ ಬಾಯಾಗ ಇಟ್ಟದ್ದು."

"ಹಂಗಾದ್ರ ನಿಂದೇನು?"

ಅವನು ಕಪ್ಪನ್ನು ಕೆಳಗಿಟ್ಟ. "ಅವತ್ತ ರಾತ್ರಿ ಆಸ್ಪತ್ರ್ಯಾಗ ನೀವೆಲ್ಲಾ ಅವ್ವ ಉಳೀಲಿ ಅಂತ ಬೇಡಕೊಳ್ಳಾಕತ್ತಿದ್ರಿ. ನಾ ಹೊರಗ ನಿಂತು, ಸಾಕು ದೇವರ, ಕರಕೋ ಅಂದೆ. ನಸುಕಿನ್ಯಾಗ ಕರಕೊಂಡ. ಅಂವ ಕೇಳಿದ ಅಕ್ಕಾ. ಅದಕ್ಕ ಅಂವಗ ಮುಖಾ ತೋರ್ಸಾಕ ಆಗವಲ್ದು."

ವರ್ಷವಿಡೀ ಅವಳು ಖಂಡಿಸಿದ್ದು ಎಲ್ಲಿಯೂ ಇಲ್ಲದ ಮನುಷ್ಯನನ್ನು. ಎದ್ದು ಹೋಗಿ ಅವನ ತಲೆಯನ್ನು ಎದೆಗೊತ್ತಿಕೊಂಡಳು.

"ಅವ್ವ ಉಳೀಲಿ ಅಂತ ನಾ ಅಂದದ್ದು ನನ್ನ ಸಲುವಾಗಿ," ಎಂದಳು. "ಕರಕೋ ಅಂತ ನೀ ಅಂದದ್ದು ಅವ್ವನ ಸಲುವಾಗಿ."

ಅವನು ಅತ್ತ. ಅವಳು ತಡೆಯಲಿಲ್ಲ. ಮುಖ ತೊಳೆದು ಬಂದವನು, ನಾಳೆ ಬಂದರೂ ತಾನು ಹಾಡುವುದಿಲ್ಲ, ಕಣ್ಣು ಮುಚ್ಚುವುದೂ ಇಲ್ಲ ಎಂದ.

"ಹಾಡಬ್ಯಾಡ. ನನ್ನ ಬಾಜೂಕ ಕುಂದ್ರು."

"ಪ್ರಾರ್ಥನಾ ಎಷ್ಟ ಗಂಟೇಕ ಐತಿ?" ಎಂದು ಕೇಳಿದ ಸುಮಂತ್.