ಇಬ್ಬರೂ ಬರಬೇಕು

ಕಿಟಕಿಯ ಪರದೆ ಸರಿಸಿ ಮಗಳು ಮತ್ತೆ ಇಣುಕಿದಳು. ಎದುರಿನ ಔಷಧಿ ಅಂಗಡಿಯ ಮೆಟ್ಟಿಲ ಬಳಿ ಅಮ್ಮ ಇನ್ನೂ ನಿಂತೇ ಇದ್ದಳು. ಒಳಗೆ ಬರುವ ಹಾಗಿಲ್ಲ, ಹೊರಟುಹೋಗಲು ಮನಸ್ಸಿಲ್ಲ. ನಡುಮನೆಯಲ್ಲಿ, ನಿನ್ನೆ ಸಂಜೆ ತೀರಿಕೊಂಡ ಅಪ್ಪ ಮಲಗಿದ್ದ. ಹೊರಗೆ ವ್ಯಾನು ಕಾಯುತ್ತಿತ್ತು. ಮಗಳು ಬೆಳಗಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಕಿಟಕಿಗೂ ಮಂಚಕ್ಕೂ ಓಡಾಡುತ್ತಿದ್ದಳು.

"ಒಳಗೆ ಕರೀಲಾ ಅತ್ತೆ?"

"ಬಿಟ್ಟು ಹೋದವಳಿಗೆ ಈಗ ಇಲ್ಲೇನು ಕೆಲಸ? ಇಷ್ಟು ವರ್ಷ ನನ್ನ ತಮ್ಮನಿಗೆ ಬೇಯಿಸಿ ಹಾಕಿದ್ದು ನಾನು. ಅವಳು ಒಳಗೆ ಬಂದರೆ ನಾನು ಹೊರಗೆ ಹೋಗ್ತೀನಿ, ಆಮೇಲೆ ನನ್ನ ಅನ್ನಬೇಡ."

ಅತ್ತೆಯ ಮಾತು ಪೂರ್ತಿ ಸುಳ್ಳೂ ಅಲ್ಲ. ಮಗಳ ತಲೆ ಬಾಚಿ ಶಾಲೆಗೆ ಕಳಿಸಿದವಳೂ ಅವಳೇ. ಅವಳನ್ನು ನೋಯಿಸುವುದು ಹೇಗೆ?

ಅಷ್ಟರಲ್ಲಿ ಮತ್ತೆ ಪತ್ರಿಕೆಯವನ ಫೋನು. "ಮೇಡಂ, ನಿಧನದ ಇಂಗ್ಲಿಷ್ ಪ್ರಕಟಣೆಗೆ ಹೆಂಡತಿ ಹೆಸರು ಹಾಕೋದಾ, ಬೇಡ್ವಾ?"

"ಒಂದ್ನಿಮಿಷ," ಎಂದು ಇಟ್ಟಳು. ಆ ಒಂದು ನಿಮಿಷ ಬೆಳಗಿನಿಂದ ಮುಗಿದಿರಲಿಲ್ಲ.

*

ಅಪ್ಪ ಕಚೇರಿಯೆದುರು ಕೂತು ಇಂಗ್ಲಿಷ್ ಕಾಗದ ಟೈಪು ಮಾಡಿಕೊಡುತ್ತಿದ್ದ. ಅರ್ಜಿ, ರಾಜೀನಾಮೆ ಏನಿದ್ದರೂ ಸೈ. ಬೇರೆಯಾಗುವ ಕಾಗದಕ್ಕೆ ಮಾತ್ರ ಅವನದೊಂದು ಹಟ. ಅಂಗಡಿ ಪಾಲುದಾರರಾಗಲಿ, ಗಂಡಹೆಂಡಿರಾಗಲಿ, ಇಬ್ಬರೂ ಬಂದು ಬೆಂಚಿನ ಮೇಲೆ ಕೂರಬೇಕು. ಒಬ್ಬರೇ ಬಂದು "ಅವನು ಕೈಕೊಟ್ಟ ಅಂತ ಬರೀರಿ" ಅಂದರೆ ಮೆಷಿನ್ನಿಗೆ ಹೊದಿಕೆ ಎಳೆದುಬಿಡುತ್ತಿದ್ದ.

"ಇಂಗ್ಲಿಷಿನಲ್ಲಿ 'ಪಾರ್ಟೆಡ್ ವೇಸ್' ಅಂತ ಬರೀತಾರೆ ಪುಟ್ಟಿ," ಎನ್ನುತ್ತಿದ್ದ. "ಅಂದರೆ ದಾರಿ ಬೇರೆ ಮಾಡ್ಕೊಂಡರು ಅಂತ. ಅದಕ್ಕೆ ಇಬ್ಬರೂ ಬೇಕು. ತಪ್ಪು ಒಬ್ಬರ ತಲೆಗೆ ಕಟ್ಟೋದಾದರೆ ಬೇರೆ ಕಡೆ ಬರೆಸ್ಕೊಳ್ಳಲಿ."

ಒಂದು ಮಧ್ಯಾಹ್ನ ಆ ಬೆಂಚಿನ ಮೇಲೆ ಅಮ್ಮ ಕೂತಿದ್ದಳು. ಅಪ್ಪ ಒಂದು ಸಾಲು ಟೈಪು ಮಾಡಿ, ಎದ್ದು ಬಂದು ಅವಳ ಪಕ್ಕ ಕೂತ. ಮತ್ತೆ ಎದ್ದು ಹೋಗಿ ಇನ್ನೊಂದು ಸಾಲು. ಮತ್ತೆ ಬೆಂಚಿಗೆ. ಕಾಗದ ಮುಗಿಯುವ ತನಕ ಹೀಗೇ. ಮಗಳು ಆಟ ಅಂದುಕೊಂಡು ನಕ್ಕಿದ್ದಳು.

*

"ಅತ್ತೆ, ಅಮ್ಮ ಬಿಟ್ಟು ಹೋಗಲಿಲ್ಲ. ಇಬ್ಬರೂ ಕೂತು ಬೇರೆಯಾದರು, ನಾನೇ ನೋಡಿದ್ದೀನಿ. ನೀವು ಎದ್ದು ಹೋದರೆ ನನಗೆ ಯಾರಿದ್ದಾರೆ? ಆದರೂ ಕರೀತೀನಿ."

ಉತ್ತರಕ್ಕೆ ಕಾಯದೆ ಇಳಿದು ಹೋಗಿ ಅಮ್ಮನ ಕೈ ಹಿಡಿದು ಕರೆತಂದಳು. ಅತ್ತೆ ಎದ್ದು ಬಾಗಿಲ ಕಡೆ ನಡೆದಳು.

ಅಮ್ಮ ಅಪ್ಪನ ಮುಖ ನೋಡಿದಳು. "ಇವರಿಗೆ ಕನ್ನಡಕ ಯಾಕೆ ಹಾಕಿದ್ದೀರಿ ಅತ್ತಿಗೆ? ಹಾಕ್ಕೊಂಡು ಮಲಗಿದರೆ ತಲೆ ಸಿಡಿಯುತ್ತೆ."

ಅತ್ತೆ ನಿಂತಳು. "ಅದಿಲ್ಲದೆ ನನ್ನ ತಮ್ಮನ ಹಾಗೇ ಕಾಣಲಿಲ್ಲ ಕಣೇ," ಅಂದವಳು ತಿರುಗಿ ಬಂದು, ಕಪಾಟಿನಿಂದ ಕನ್ನಡಕದ ಡಬ್ಬಿ ತೆಗೆದು ಅಮ್ಮನ ಕೈಗಿಟ್ಟಳು.

ಫೋನು ಮತ್ತೆ ಬಂತು. ಮಗಳು ಅಮ್ಮನ ಹೆಸರು ಹೇಳಿದಳು.

ಅಮ್ಮ ಕನ್ನಡಕ ಬಿಚ್ಚಿ ಡಬ್ಬಿಗೆ ಹಾಕಿದಳು. ಅಪ್ಪನ ಮೂಗಿನ ಎರಡೂ ಬದಿ ಬಿದ್ದಿದ್ದ ಗುಳಿಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕತೊಡಗಿದಳು. ಹೊರಗೆ ವ್ಯಾನಿನವನು ಹಾರನ್ ಹೊಡೆದ. ಗುಳಿಗಳು ಹೋಗಲಿಲ್ಲ. ಅವಳು ತಿಕ್ಕುತ್ತಲೇ ಇದ್ದಳು.