ಬೆಂಕಿ ಕಂಡ ಮುತ್ತಾತ

ಮಟಾಟು ಬಸ್ಸಿನ ಹಾಡು ಸೀಟಿನಡಿಯಿಂದ ಎದ್ದು ಬೆನ್ನಿಗೆ ಗುದ್ದುತ್ತಿದೆ, ಗುದ್ದಲಿ, ಏನೋ ಒಂದು ತಾಗುತ್ತಿದೆಯಲ್ಲ ಎಂದುಕೊಂಡಳು ಶೈಲಜಾ, ಮೂರು ತಿಂಗಳಿಂದ ಮೈಗೆ ಬಿಸಿನೀರೂ ಒಂದೇ ತಣ್ಣೀರೂ ಒಂದೇ, ಆಫೀಸಿನವರು ಸಾಲಾಗಿ ಬಂದು ಕೈ ಹಿಡಿದಾಗ ಅಸಾಂಟೆ, ಅಸಾಂಟೆ, ಇಲ್ಲಿನವರ ಥ್ಯಾಂಕ್ಸು, ಎನ್ನುತ್ತ ನಿಂತಿದ್ದಳು, ಮದುವೆಮನೆಯಲ್ಲಿ ಮುಯ್ಯಿ ತೆಗೆದುಕೊಳ್ಳುವವರ ಹಾಗೆ. ಬೆರಳಿಗಿನ್ನೂ ಪತ್ರಾಗಾರದ ಧೂಳು, ವಿಕ್ಟೋರಿಯಾ ರಾಣಿಯ ಕಾಲದ್ದು, ಕುರ್ತಾಗೆ ಒರೆಸಿದರೆ ಕೆಂಪಗೆ ಹತ್ತುತ್ತದೆ, ಈ ಊರಿನ ಮಣ್ಣೇ ಹಾಗೆ, ಬಂದಿಳಿದ ದಿನ ಚಿನ್ಮಯನ ಬಿಳಿ ಶೂ ಕೆಂಪಾಗಿತ್ತು, ನಿಮ್ಮೂರಲ್ಲಿ ಬಿಳೀದು ಅನ್ನೋದೇ ಇಲ್ವಾ ಅಕ್ಕಾ ಅಂದಿದ್ದ, ಒಬ್ಬನೇ ತಮ್ಮ, ಎರಡು ವಾರ ಇದ್ದು ಹೋಗಲು ಬಂದವನು, ಅಮ್ಮನಿಗೆ ಕಿಟೆಂಗೆ ಬಟ್ಟೆ ತರ್ತೀನಿ ಅಂತ ನ್ಗಾರಾ ಮಾರ್ಕೆಟ್ಟಿಗೆ ಹೊರಟ — ಫೋನಿನಲ್ಲಿ ಅಮ್ಮನೇ ಕೇಳಿದ್ದಳು, ನೀಲಿ ಇರ್ಲಿ ಕಣೋ, ದೊಡ್ಡ ಹೂವಿಂದು — ಲಾರಿಯ ಬ್ರೇಕು ಹಿಡಿಯಲಿಲ್ಲವಂತೆ, ಅವನು ಫುಟ್‌ಪಾತಿನ ಮೇಲೇ ಇದ್ದನಂತೆ. ಅಡುಗೆಮನೆ ಕಟ್ಟೆಯ ಮೇಲೆ ಅರ್ಧ ಸುಲಿದ ಕಿತ್ತಳೆ, ಬಂದು ತಿಂತೀನಿ, ಯಾರೂ ಮುಟ್ಬೇಡಿ ಅಂದು ಹೋಗಿದ್ದ.

ಗಾಡಿ ಅಪ್ಪರ್ ಹಿಲ್ ಏರಿನಲ್ಲಿ ನಿಂತುಬಿಟ್ಟಿದೆ, ಮುಂದೆಲ್ಲ ಕೆಂಪು ದೀಪ. ಅಮ್ಮ ಫೋನಿಗೆ ಕಾಯುತ್ತಿರುತ್ತಾಳೆ. ಮೈಸೂರಿನಲ್ಲಿ ಆಗ ಅಮ್ಮ ಅನ್ನ ಬಿಟ್ಟಿದ್ದಳು, ನಾನೇ ಕಳಿಸ್ದೆ ಅವನನ್ನ, ಈ ಹಾಳು ಬಟ್ಟೆ ಆಸೆಗೆ ಕಳಿಸ್ದೆ, ಅದೊಂದೇ ಮಾತು, ಯಾರು ಏನು ಹೇಳಿದರೂ ಅದೇ, ಕೊನೆಗೆ ಬಾಲಕೃಷ್ಣ ಜೋಯಿಸರು ಕವಡೆ ಹಾಕಿ, ಪಾರ್ವತಮ್ಮ, ಇದು ನಿಮ್ಮಿಂದ ಆದದ್ದಲ್ಲ, ನಿಮ್ಮ ಯಜಮಾನರ ವಂಶದಲ್ಲಿ ಬೆಂಕಿ ಕಾಣದ ಜೀವ ಒಂದು ಆ ದೇಶದಲ್ಲೇ ಅಲೀತಿದೆ ಅಂದರು. ಇನ್ಯಾರು, ಅಪ್ಪನ ತಾತ ತ್ರಿವಿಕ್ರಮರಾಯರು, ಇಲ್ಲಿ ರೈಲುದಾರಿ ಹಾಕುವಾಗ ಸರ್ವೆ ಗುಮಾಸ್ತೆಯಾಗಿ ಬಂದು ಸತ್ತವರು, ಸಮುದ್ರ ದಾಟಿದವನಿಗೆ ಏನು ಕರ್ಮ ಎಂದು ಮನೆಯವರು ಸುದ್ದಿ ಬಂದ ದಿನ ಒಂದು ಸ್ನಾನ ಮಾಡಿ ಕೈ ತೊಳೆದುಕೊಂಡಿದ್ದರು. ಆವತ್ತು ರಾತ್ರಿ ಅಮ್ಮ ಎರಡು ತುತ್ತು ಉಂಡಳು. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ ಅಂತಾರಲ್ಲ, ಅಮ್ಮನಿಗೆ ಸತ್ತ ಮುತ್ತಾತ ಸಿಕ್ಕಿದ. ಪಶ್ಚಿಮವಾಹಿನಿಯಲ್ಲಿ ನಾರಾಯಣಬಲಿ ಮಾಡಿಸೋಣ, ಆದರೆ ಮೊದಲು ವಿಚಾರಿಸಿ, ದಹನ ಆಗಿದ್ದರೆ ಇದು ಆ ದೋಷವಲ್ಲ, ಬೇರೆ ಕಡೆ ನೋಡಬೇಕು ಅಂದರು, ಜೋಯಿಸರು ಪ್ರಾಮಾಣಿಕರು, ಅದೇ ಕಷ್ಟ. ಬೇರೆ ಕಡೆ ಅಂದರೆ ಎಲ್ಲಿ, ಅಮ್ಮ ತಿರುಗಿ ಆ ನೀಲಿ ಬಟ್ಟೆಗೇ ಬರುತ್ತಾಳೆ.

ಶೈಲಜಾಗೆ ಇದರಲ್ಲಿ ನಂಬಿಕೆ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ, ಪತ್ರಾಗಾರದಲ್ಲಿ ಹಳೇ ರೈಲು ವರದಿ ಹುಡುಕುವುದು ಶನಿವಾರಗಳಿಗೆ ಒಂದು ಕೆಲಸವಾಯಿತು ಅಷ್ಟೆ, ಮನೆಯಲ್ಲಿದ್ದರೆ ಕೆಲಸದ ವಂಜಿರು ಒರೆಸುವ ಬಟ್ಟೆ ಹಿಡಿದು ಬಂದು, ಮಾಮಾ — ಅಮ್ಮಾವ್ರೇ ಅನ್ನೋದಕ್ಕೆ ಇಲ್ಲಿ ಹಾಗೆ — ಆ ಹಣ್ಣು ಕಲ್ಲಾಗಿದೆ, ಎಸೆಯಲಾ ಎನ್ನುತ್ತಾಳೆ, ಬೇಡ ಎಂದು ಶೈಲಜಾನೇ ಫ್ರಿಜ್ಜಿನಲ್ಲಿ ಇಟ್ಟಿದ್ದಾಳೆ, ಸಿಪ್ಪೆ ಜೋತುಬಿದ್ದಿದೆ, ಅವನ ಉಗುರಿನ ಗುರುತು ಹಾಗೇ. ಇವತ್ತು ಸಿಕ್ಕಿತು, ವರದಿಯ ಕೊನೆಯ ಹಾಳೆಗಳಲ್ಲಿ, ಓರೆ ಕೈಬರಹದ ಇಂಗ್ಲಿಷು, ಇಳಿಜಾರಿನಲ್ಲಿ ಟ್ರಾಲಿಯ ಬ್ರೇಕು ಹಿಡಿಯದೆ ಮಗುಚಿ ಗುಮಾಸ್ತೆ ತ್ರಿವಿಕ್ರಮ ರಾವ್ ಮೃತ, ಆಕಸ್ಮಿಕ — ಬ್ರೇಕು, ಮುತ್ತಾತನಿಗೂ ಬ್ರೇಕು, ಓದಿ ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ — ಜೊತೆಯವರು ಶವವನ್ನು ನದಿಯ ದಂಡೆಯಲ್ಲಿ ತಮ್ಮ ಪದ್ಧತಿಯಂತೆ ಸುಟ್ಟರು, ಬೂದಿಯನ್ನು ಮೊಂಬಾಸಾದ ಸಮುದ್ರಕ್ಕೆ ಬಿಡಲು ಒಬ್ಬ ರಜೆ ಕೇಳಿದ, ಕೊಡಲಾಗಿದೆ. ಯಾರೋ ಪುಣ್ಯಾತ್ಮ. ಬೆಂಕಿಯೂ ಕಂಡ, ನೀರೂ ಕಂಡ, ಮುತ್ತಾತನಿಗೆ ಯಾವ ಕೊರತೆಯೂ ಇಲ್ಲ, ಅಲೆಯುತ್ತಲೂ ಇಲ್ಲ. ಹಾಗಾದರೆ ಚಿನ್ಮಯ ಯಾಕೆ ಹೋದ, ಯಾಕೂ ಇಲ್ಲ, ಹೋದ, ಅಷ್ಟೆ. ತೊಡೆಯ ಮೇಲೆ ಫೋನು ನಡುಗಿತು, ಅಮ್ಮ, ಸಿಕ್ತೇನೇ ಶೈಲೂ, ಸಿಕ್ತಮ್ಮ, ತಾರೀಖು ಇದೆ, ಬರ್ಕೋ, ಜೋಯಿಸರು ತಿಥಿ ತೆಗೀತಾರೆ, ಬರ್ಕೊಂಡೆ, ಆಮೇಲೆ ಅಮ್ಮನೇ ಕೇಳಿದಳು, ಏನಂತೆ, ಸುಟ್ಟಿದ್ರಂತಾ. ಹಾಡು ಅದೇ ಹೊತ್ತಿಗೆ ಮುಗಿಯಬೇಕೇ, ಇಡೀ ಗಾಡಿ ಅವಳ ಬಾಯಿಗೇ ಕಿವಿಯಿಟ್ಟಂತೆ, ಇಲ್ಲಮ್ಮ ಅಂದಳು, ಸುಡ್ಲಿಲ್ವಂತೆ, ಹಾಗೇ ಬಿಟ್ಟು ಮುಂದೆ ಹೋದ್ರಂತೆ, ತಮ್ಮೋರು ಅಂತ ಯಾರೂ ಇರ್ಲಿಲ್ಲ. ಅಯ್ಯೋ ಪಾಪ, ಅಮ್ಮ ಅತ್ತಳು, ಹಗುರಾಗಿ ಅತ್ತಳು, ನೋಡಿದ್ಯಾ, ನಾನಲ್ಲ ಕಣೇ, ನಾನಲ್ಲ, ಆ ಜೀವ ಎಷ್ಟು ಹಸಿದಿತ್ತೋ, ಇರು, ಸಾರು ಬಿಸಿ ಮಾಡ್ಕೋತೀನಿ, ಬೆಳಗ್ಗೆಯಿಂದ ಏನೂ ತಿಂದಿಲ್ಲ, ನೀನೂ ತಿನ್ನು. ತಿಂತೀನಮ್ಮ. ಕಂಡಕ್ಟರ್ ಬಾಗಿಲಿಗೆ ಬಡಿದು ಕಿಲಿಮಾನಿ, ಕಿಲಿಮಾನಿ ಎಂದು ಕೂಗುತ್ತಿದ್ದಾನೆ, ಇಳಿಯಬೇಕು, ಏಳಬೇಕು, ಅಮ್ಮ ಉಂಡು ಮಲಗುತ್ತಾಳೆ, ಮುತ್ತಾತನ ತಲೆಗೆ ಕಟ್ಟಿದ್ದಾಯಿತು, ಇವಳ ಪಾಲಿಗೆ ಯಾರೂ ಉಳಿಯಲಿಲ್ಲ, ತಪ್ಪು ಹೊರಿಸಲು ಒಬ್ಬ ಸತ್ತವನೂ ಇಲ್ಲ, ಮನೆಗೆ ಹೋಗಬೇಕು, ಬೀಗ ತೆಗೆಯಬೇಕು, ಫ್ರಿಜ್ಜು, ಒಳಗಿನ ದೀಪ, ಅರ್ಧ ಸುಲಿದ ಕಿತ್ತಳೆ, ಬಂದು ತಿಂತೀನಿ, ಅರ್ಧ ಸುಲಿದ ಕಿತ್ತಳೆ,