ನಲವತ್ತು ನಿಮಿಷದ ಮೇಡಂ

ಆಣ್ವಿಕ ಜೀವಶಾಸ್ತ್ರ ವಿಭಾಗದಲ್ಲಿ ಆಕೆಯ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಆಕೆ ‘ನಲವತ್ತು ನಿಮಿಷದ ಮೇಡಂ’. ಒಂದೇ ಒಂದು ಪ್ರೋಟೀನಿನ ಬೆನ್ನಿಗೆ ಬಿದ್ದು, ಹತ್ತೊಂಬತ್ತು ವರ್ಷ ಕಣ್ಣು ಕೆಡಿಸಿಕೊಂಡು ಆಕೆ ಬರೆದ ಮೂವತ್ತು ಪ್ರಬಂಧಗಳನ್ನು ಪೂರ್ತಿ ಓದಿದವರು ಇಬ್ಬರೇ. ಒಬ್ಬಳು ಸ್ವತಃ ಆಕೆ, ಇನ್ನೊಬ್ಬ ಅಚ್ಚಿನ ತಪ್ಪು ತಿದ್ದುವವನು. ಆದರೆ ಅವಕ್ಕೂ ಮೊದಲು ಬರೆದ ಚೊಚ್ಚಲ ಪ್ರಬಂಧದ ಜಾತಕವೇ ಬೇರೆ. ಅದನ್ನು ಆರುನೂರ ಹನ್ನೆರಡು ಪ್ರಬಂಧಗಳು ಉಲ್ಲೇಖಿಸಿದ್ದವು. ಅದರಲ್ಲಿ ಕಂಡುಹಿಡಿದದ್ದಕ್ಕಾಗಿ ಅಲ್ಲ, ವಿಧಾನದ ಭಾಗದಲ್ಲಿ ಮೂಲೆ ಹಿಡಿದು ಕೂತಿದ್ದ ಒಂದು ಸಾಲಿಗಾಗಿ: ‘ಕೊಳವೆಗಳನ್ನು ನಲವತ್ತು ನಿಮಿಷ ಮೇಜಿನ ಮೇಲೆ ಬಿಡಲಾಯಿತು.’ ಹಾಗೆ ಬಿಟ್ಟರೆ ಡಿಎನ್‌ಎ ತುಣುಕುಗಳು ಚೆನ್ನಾಗಿ ಅಂಟಿಕೊಳ್ಳುತ್ತವೆ ಎಂದು ವಿಜ್ಞಾನಲೋಕ ಕಣ್ಣುಮುಚ್ಚಿ ನಂಬಿತ್ತು.

ನಡೆದದ್ದು ಇಷ್ಟು. ಅಂದು ಕೊಳವೆಗಳನ್ನು ಮೇಜಿನ ಮೇಲೆ ಇಡುತ್ತಿದ್ದಂತೆ ಅಕ್ಕನ ಫೋನ್ ಬಂದಿತ್ತು. ಭಾವ ಬೆಳಗ್ಗೆ ಸೂಟ್‌ಕೇಸ್ ಹಿಡಿದು ಮನೆ ಬಿಟ್ಟು ಹೋಗಿದ್ದ. ಅಕ್ಕ ಅತ್ತು, ಬೈದು, ಮತ್ತೆ ಅತ್ತು ಫೋನ್ ಇಡುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಪ್ರಯೋಗ ಮಾತ್ರ ಗೆದ್ದಿತು. ನಡೆದದ್ದನ್ನು ನಡೆದಂತೆ ಬರೆಯಬೇಕೆಂಬ ನಿಯಮಕ್ಕೆ ತಲೆಬಾಗಿ ಆಕೆ ನಿಮಿಷಗಳನ್ನು ಬರೆದಳು, ಅಕ್ಕನನ್ನು ಬಿಟ್ಟಳು.

ಎಷ್ಟೋ ವರ್ಷಗಳ ಮೇಲೆ ಅನುಮಾನ ಬಂದು ಮತ್ತೆ ಮಾಡಿ ನೋಡಿದರೆ, ಐದೇ ನಿಮಿಷ ಸಾಕು. ಸಾವಿರಾರು ಜನ ಕೊಳವೆಗಳ ಮುಂದೆ ಕೈಕಟ್ಟಿ ಕೂತಿರುವುದನ್ನು ನೆನೆದು ಆಕೆಗೆ ನಿಜಕ್ಕೂ ನಾಚಿಕೆಯಾಯಿತು. ತಿದ್ದುಪಡಿ ಬರೆದು ಪತ್ರಿಕೆಯೊಂದಕ್ಕೆ ಕಳಿಸಿದಳು. ಅಲ್ಲಿ ಪರಿಶೀಲಿಸುವವರಿಗೆ ಲೇಖಕರ ಹೆಸರು ತಿಳಿಸುವುದಿಲ್ಲ. ಉತ್ತರ ಬಂತು: ‘ಈ ಲೇಖಕರು ಮೂಲ ಪ್ರಬಂಧವನ್ನೇ ಓದಿದಂತಿಲ್ಲ. ಮೊದಲು ಓದಲಿ.’ ಓದಬೇಕಾದ ಆ ಮೂಲ ಪ್ರಬಂಧ ಆಕೆಯದೇ. ಮಾಡಿದ್ದುಣ್ಣೋ ಮಹಾರಾಯ.

ಅಷ್ಟರಲ್ಲಿ ಪ್ರಾಧ್ಯಾಪಕ ಹುದ್ದೆಯ ಸಂದರ್ಶನ ಬಂತು. ನಿವೃತ್ತಿ ಹತ್ತಿರವಿತ್ತು, ಇದು ತಪ್ಪಿದರೆ ಇನ್ನೊಂದಿಲ್ಲ. ಸಮಿತಿಯ ಅಧ್ಯಕ್ಷರು ದೊಡ್ಡ ವಿದ್ವಾಂಸರು. ನಲವತ್ತೇ ನಿಮಿಷ ಏಕೆ ಬೇಕೆಂದು ಏಳು ಪ್ರಬಂಧಗಳಲ್ಲಿ ವಿವರಿಸಿ ಗಾಳಿಗೆ ಗುದ್ದಿದವರು.

“ನಲವತ್ತು ನಿಮಿಷ ಅಂತ ಹೇಗೆ ಹೊಳೀತಮ್ಮ ನಿಮಗೆ?” ಎಂದರು ಅಧ್ಯಕ್ಷರು, ಭಕ್ತಿಯಿಂದಲೇ.

‘ಹಲವು ಬಾರಿ ಅಳೆದು ನೋಡಿದೆ’ ಎಂದರೆ ಮುಗಿಯಿತು, ಕುರ್ಚಿ ಆಕೆಯದು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕೈಕಟ್ಟಿ ಕೂತವರು ಕಣ್ಣ ಮುಂದೆ ಬಂದರು.

“ಹೊಳೀಲಿಲ್ಲ ಸಾರ್. ನಮ್ಮಕ್ಕ ಫೋನ್ ಮಾಡಿದ್ಳು, ಮಾತಾಡ್ತಾ ಹೊತ್ತು ಹೋಯ್ತು. ಐದು ನಿಮಿಷ ಬಿಟ್ರೆ ಸಾಕು. ನಾನೇ ಮಾಡಿ ನೋಡಿದೀನಿ.”

ಅಧ್ಯಕ್ಷರ ಮುಖ ಇಂಗು ತಿಂದ ಮಂಗನಂತಾಯಿತು. “ಐದು ನಿಮಿಷ ಅಂತ ಯಾವುದೋ ಪ್ರಬಂಧ ನನ್ನ ಹತ್ರ ಬಂದಿತ್ತು. ವಾಪಸ್ ಕಳಿಸ್ದೆ. ಬರೆದವರು ಮೂಲ ಪ್ರಬಂಧಾನೇ ಓದಿರ್ಲಿಲ್ಲ.”

“ಓದಿಲ್ಲ ಸಾರ್,” ಎಂದಳು ಆಕೆ. “ಬರೆದಿದೀನಿ, ಅಷ್ಟೆ.”

ಮುಂದಿನ ವಾರ ಪತ್ರ ಬಂತು: ‘ಅಭ್ಯರ್ಥಿಗೆ ತಮ್ಮ ಸಂಶೋಧನೆಯ ಮೇಲೇ ವಿಶ್ವಾಸವಿಲ್ಲ.’ ಮೂವತ್ತೆಂಟು ನಿಮಿಷವೂ ನಡೆದೀತು ಎಂದು ಸಾಧಿಸಿ ತೋರಿಸಿದ ಧೀರನಿಗೆ ಹುದ್ದೆ ಸಿಕ್ಕಿತು. ಆಕೆಗೆ ಹೊಟ್ಟೆ ಉರಿಯಿತು, ಅಳುವೂ ಬಂತು. ಆದರೂ ಅಂದಿನ ಪ್ರಯೋಗದ ಕೊಳವೆಗಳನ್ನು ಐದು ನಿಮಿಷಕ್ಕೆ ಸರಿಯಾಗಿ ಎತ್ತಿ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಆ ಫೋನಿನ ದೆಸೆಯಿಂದ ತಂಗಿಯ ಪ್ರಖ್ಯಾತಿಯಲ್ಲಿ ತನಗೂ ಪಾಲಿದೆಯೆಂದು ಇಷ್ಟು ವರ್ಷ ಬೀಗಿದ ಅಕ್ಕನ ದನಿ ಇಳಿಯಿತು.

“ಹಾಗಾದ್ರೆ ಅವತ್ತು ನಾನು ಐದೇ ನಿಮಿಷಕ್ಕೆ ಫೋನ್ ಇಟ್ಟಿದ್ರೂ ಆಗ್ತಿತ್ತು ಅನ್ನು.”

“ಕೊಳವೆಗಳಿಗೆ ಆಗ್ತಿತ್ತು. ನಿನಗೆ ನಲವತ್ತು ಬೇಕಿತ್ತಲ್ಲ ಅಕ್ಕ.”

“ಇವತ್ತು ನೀನು ಮಾತಾಡು,” ಎಂದಳು ಅಕ್ಕ, “ನಾನು ಕೇಳ್ತೀನಿ.”

ತಂಗಿ ಸ್ಟೂಲು ಎಳೆದುಕೊಂಡು ಕೂತಳು.